ಮನೆಗೊಂದು ಹೆಸರು

ಧಾರವಾಡ
12 ಜನವರಿ 2025

ಅಪ್ಪನವರಿಗೆ ಅಮೃತಾಳ ನಮಸ್ಕಾರ.

ಅವ್ವನಿಗೆ ಫೋನಿನಲ್ಲಿ ಹೇಳಿದರೆ ಅರ್ಧ ನಿಮಗೆ ಕೈಸನ್ನೆಯಲ್ಲಿ ಮುಟ್ಟಿಸುತ್ತಾಳೆ, ಉಳಿದರ್ಧ ತನ್ನ ಕಡೆಯಿಂದ ಸೇರಿಸುತ್ತಾಳೆ. ಅಣ್ಣಿಗೇರಿಯ ಹತ್ತಿ ಮಿಲ್ಲು ನಿಮ್ಮ ಕಿವಿ ತಿಂದುಹಾಕಿದ ಮೇಲೆ ನಮ್ಮಿಬ್ಬರಿಗೆ ಕಾಗದವೇ ಗತಿ. ಮೊಬೈಲಿನಲ್ಲಿ ಬರೆದು ಕಳಿಸೋಣವೆಂದರೆ ಅಕ್ಷರ ಇರುವೆಯಂತೆ ಓಡುತ್ತವೆ ಎನ್ನುತ್ತೀರಿ. ಇರಲಿ, ಪೋಸ್ಟ್‌ಮನ್ನಿಗೂ ಕೆಲಸ ಬೇಕಲ್ಲ.

ಒಂದು ಸಂತೋಷದ ಸುದ್ದಿ. ನಾನು ಬೆನ್ನು ಹತ್ತಿದ್ದ ನಿಯಮ ಕಡೆಗೂ ಬಂತು. ಇನ್ನು ನಮ್ಮ ಮಾನಸಿಕ ಆಸ್ಪತ್ರೆಯಲ್ಲಿ ಡಾಕ್ಟರಿಂದ ಹಿಡಿದು ಕಸ ಹೊಡೆಯುವವರವರೆಗೆ ಎಲ್ಲರೂ ಪೊಲೀಸರಿಂದ ಸರ್ಟಿಫಿಕೇಟು ತರಬೇಕು. ಮೈಮೇಲೆ ಕೇಸು ಇದ್ದವರಿಗೆ ಒಳಗೆ ಪ್ರವೇಶವಿಲ್ಲ. ಮಾರ್ಚ್ ಕೊನೆಗೆ ಗಡುವು.

ಇದಕ್ಕೆ ಕಾರಣ ಕಿರಣಕುಮಾರ ಎಂಬ ಒಬ್ಬ ಕೆಲಸಗಾರ. ದಸರೆಯ ಹೊತ್ತಿಗೆ, ಗುಳಿಗೆ ನುಂಗಲಿಲ್ಲವೆಂದು, ನಮ್ಮ ಹೆಂಗಸರ ವಾರ್ಡಿನ ಫಕೀರವ್ವನ ತೋಳು ತಿರುಚಿದ್ದ. ಆಕೆ ಬಂದವರಿಗೆಲ್ಲ ಹೇಳಿಕೊಂಡಳು. ಹುಚ್ಚಿಯ ಮಾತು ಎಂದು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಬಾತ ತೋಳನ್ನು ನೋಡಿ ನಾನು ದೂರು ಕೊಟ್ಟೆ. ಅವನನ್ನು ತೆಗೆದ ಮೇಲೆ ತಿಳಿಯಿತು, ಇಂಥದ್ದೇ ಕೆಲಸಕ್ಕೆ ಬೇರೆ ಊರಿನಲ್ಲಿ ಜೈಲಿಗೆ ಹೋಗಿ ಬಂದವನಂತೆ. ನೌಕರಿ ಕೊಡುವಾಗ ಒಬ್ಬರೂ ಅವನನ್ನು ಒಂದು ಮಾತು ಕೇಳಿರಲಿಲ್ಲ. ಹೊರಗಿನವರಾದರೆ ಕೂಗಿ ನಾಲ್ಕು ಮಂದಿಯನ್ನು ಸೇರಿಸಬಹುದು, ಇವರು ಕೂಗಿದರೆ ರೋಗ ಹೆಚ್ಚಾಯಿತು ಎಂದು ಇಂಜೆಕ್ಷನ್ ಬರುತ್ತದೆ. ಹಾಗಾಗಿ ಸಹಿ ಸಂಗ್ರಹಿಸಿ, ಮೇಲಿನವರ ಬಾಗಿಲು ಬಡಿದು ಈ ನಿಯಮ ತಂದೆವು.

ಅದೇ ಫಕೀರವ್ವ ಈಗ ಊಟಕ್ಕೆ ನನ್ನ ದಾರಿ ಕಾಯುತ್ತಾಳೆ. ಯಾರೋ ವಿಷ ಹಾಕಿದ್ದಾರೆಂದು ಆಕೆಗೆ ಭಯ. ಅವಳ ತಟ್ಟೆಯಿಂದ ಮೊದಲ ತುತ್ತು ನಾನು ತಿಂದು ತೋರಿಸಬೇಕು, ಆಮೇಲೆ ತಾನು ತಿನ್ನುತ್ತಾಳೆ. ನರ್ಸಮ್ಮ ರೋಗಿಯ ತಟ್ಟೆಗೆ ಕೈ ಹಾಕಬಾರದು ಎಂದು ಮೇಟ್ರನ್ ಬೈಯುತ್ತಾರೆ, ಹಾಗೆಂದು ನನ್ನನ್ನು ತಡೆಯುವುದೂ ಇಲ್ಲ.

ನಾನೂ ಸರ್ಟಿಫಿಕೇಟಿಗೆ ಅರ್ಜಿ ಹಾಕಿದ್ದೇನೆ. ವಿಚಾರಿಸಲು ಪೊಲೀಸರು ಮನೆಗೆ ಬಂದರೆ ಅವ್ವ ಮಾತಾಡಲಿ. ನೀವು ಕೇಳಿಸದಿದ್ದರೂ ಎಲ್ಲದಕ್ಕೂ “ಹೌದ್ರಿ” ಎನ್ನುವವರು.

ನಿಮ್ಮ
ಅಮೃತಾ


ಧಾರವಾಡ
20 ಫೆಬ್ರವರಿ 2025

ಅಪ್ಪಾ,

ಸರ್ಟಿಫಿಕೇಟು ಸಿಗಲಿಲ್ಲ. ನನ್ನ ಮೇಲೆ ಕೇಸು ಇದೆಯಂತೆ.

ಒಂಬತ್ತು ವರ್ಷದ ಹಿಂದೆ ಕಾಲುವೆ ನೀರಿಗಾಗಿ ನಮ್ಮೂರವರು ರಸ್ತೆ ತಡೆದರಲ್ಲ, ಬಸ್ಸಿಗೆ ಕಲ್ಲು ಬಿದ್ದಿತ್ತಲ್ಲ, ಆ ಕೇಸಿನಲ್ಲಿ “ಅಮೃತಾ ಹೊಳೆಪ್ಪ ಹೆಬಸೂರ” ಎಂಬ ಆರೋಪಿ ಇದ್ದಾಳೆ. ನಾನು ಆಗ ಹುಬ್ಬಳ್ಳಿಯಲ್ಲಿ ನರ್ಸಿಂಗ್ ಓದುತ್ತ ಹಾಸ್ಟೆಲಿನಲ್ಲಿದ್ದೆ. ಇದು ಇನ್ಯಾರೋ ಇರಬೇಕೆಂದು ಪೊಲೀಸ್ ಕಚೇರಿಯ ಗುಮಾಸ್ತರ ಮುಂದೆ ವಾದ ಮಾಡಿದೆ. ಅವರು ಓದಿ ತೋರಿಸಿದರು: ಊರು ನಮ್ಮದೇ, ಓಣಿ ನಮ್ಮದೇ, ತಂದೆಯ ಹೆಸರು ನಿಮ್ಮದೇ.

ಅದೂ ಹೋಗಲಿ, ಹೆಸರಿನ ಮುಂದೆ “ತಲೆಮರೆಸಿಕೊಂಡಿದ್ದಾಳೆ” ಎಂದು ಬರೆದಿದೆ. ವಾರಂಟೂ ಇದೆ. ದಿನಾ ಬೆಳಿಗ್ಗೆ ಎದೆಯ ಮೇಲೆ ಹೆಸರಿನ ಪಟ್ಟಿ ಚುಚ್ಚಿಕೊಂಡು ಬೀಗ ಹಾಕಿದ ವಾರ್ಡಿನೊಳಗೆ ಹೋಗುವ ನಾನು ಯಾರಿಂದ ತಲೆ ಮರೆಸಿಕೊಂಡೆ? ಬಾಜುವಿನಲ್ಲಿ ನಿಂತವರು ನನ್ನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿದರು. ನನಗೆ ಅಳು ಬರಲಿಲ್ಲ, ಅಗದಿ ಸಿಟ್ಟು ಬಂತು.

ಆವತ್ತು ಹೋರಾಟದ ಮುಂದಾಳು ಸಿದ್ಧಾರೂಢ ಕಾಕಾ ತಾನೇ? ನನ್ನ ಹೆಸರು ಅಲ್ಲಿ ಹೇಗೆ ಬಂತೆಂದು ಅವರನ್ನು ಕೇಳಿ, ಬೇಗ ತಿಳಿಸಿ.

ಅಮೃತಾ


ಹೊಸಕೇರಿ
2 ಮಾರ್ಚ್ 2025

ಚಿ. ಅಮೃತಾಗೆ ಹೊಳೆಪ್ಪನ ಆಶೀರ್ವಾದ.

ಕಾಗದ ಮುಟ್ಟಿತು. ಓದಿ ನಿನ್ನ ಅವ್ವನ ಕೈಗೆ ಕೊಟ್ಟೆ. ಅವಳು ಒಲೆಯ ಮುಂದೆ ಕುಳಿತು ಓದಿದಳು, ಇನ್ನೂ ನನ್ನ ಕಡೆ ಮುಖ ತಿರುಗಿಸಿಲ್ಲ. ಇಷ್ಟು ಗದ್ದಲ ಮಾಡುವಂಥದ್ದು ಏನಿದೆಯೋ ನನಗೆ ತಿಳಿಯದು. ಸಿದ್ಧಾರೂಢನನ್ನು ಕೇಳುವ ಜರೂರಿಲ್ಲ, ನಿನ್ನ ಹೆಸರು ಕೊಟ್ಟವನು ನಾನೇ. ಕದ್ದು ಕೊಟ್ಟದ್ದಲ್ಲ. ಗುಡಿಯ ಕಟ್ಟೆಯ ಮೇಲೆ ಹತ್ತು ಮಂದಿಯ ಎದುರು ಕೊಟ್ಟದ್ದು.

ಕೆರೆಯ ಹೂಳು ತೆಗೆಯಲು ಮನೆಗೊಂದಾಳು ಹೋಗುವುದು ನಮ್ಮೂರ ಪದ್ಧತಿ. ಆವತ್ತೂ ಹಾಗೇ ಆಯಿತು. ರಸ್ತೆಯಲ್ಲಿ ಕುಳಿತವರ ಹೆಸರು ಕೊಡಿ, ಇಲ್ಲದಿದ್ದರೆ ಕೈಗೆ ಸಿಕ್ಕವರನ್ನು ಒಯ್ಯುತ್ತೇವೆ ಎಂದು ಪೊಲೀಸರು ಹೇಳಿ ಹೋದರು. ನಾಲ್ಕು ಹುಡುಗರ ಹೆಸರು ಕೊಟ್ಟಿದ್ದರೆ ಅವರ ಬಾಳು ಮುಗಿಯುತ್ತಿತ್ತು. ಆಗ ಸಿದ್ಧಾರೂಢ, “ಮನಿಗೊಂದು ಹೆಸರು ಕೊಡೂಣು. ಊರಿಗೆ ಊರ ಕುಂತಿತ್ತು ಅಂತ ಆಗ್ಲಿ” ಅಂದ. ಎಲ್ಲರೂ ಒಪ್ಪಿದೆವು. ಅದು ತಪ್ಪು ಎಂದು ನನಗೆ ಇವತ್ತಿಗೂ ಅನಿಸಿಲ್ಲ.

ನನ್ನ ಹೆಸರು ಕೊಟ್ಟಿದ್ದರೆ ಮಿಲ್ಲಿನವರು ಮರುದಿನವೇ ಮನೆಗೆ ಕಳಿಸುತ್ತಿದ್ದರು. ನಿನ್ನ ಅವ್ವನದು ಕೊಟ್ಟರೆ ಮನೆ ನಡೆಯುವುದಿಲ್ಲ. ನಿನಗೆ ಆಗ ವರ ಬರುತ್ತಿದ್ದವು. ಮುಂದಿನ ವರ್ಷ ಲಗ್ನವಾದರೆ ಗಂಡನ ಮನೆಯ ಹೆಸರು, ಅಡ್ಡಹೆಸರು ಬರುತ್ತದೆ, ಹೊಳೆಪ್ಪ ಹೆಬಸೂರನ ಮಗಳು ಎಂದು ಯಾರು ಹುಡುಕಿದರೂ ಸಿಗುವುದಿಲ್ಲ, ಕೇಸು ಇಲ್ಲೇ ಒಣಗಿಹೋಗುತ್ತದೆ ಎಂದು ಲೆಕ್ಕ ಹಾಕಿದೆ. ನನ್ನೊಬ್ಬನದೇ ಲೆಕ್ಕವಲ್ಲ, ಇನ್ನೂ ಮೂರು ನಾಲ್ಕು ಮನೆಯವರು ಲಗ್ನಕ್ಕೆ ಬಂದ ಹೆಣ್ಣುಮಕ್ಕಳ ಹೆಸರನ್ನೇ ಕೊಟ್ಟರು. ಅವರೆಲ್ಲ ಗಂಡನ ಮನೆ ಸೇರಿ ಸುಖವಾಗಿದ್ದಾರೆ. ನೀನು ಲಗ್ನವೇ ಬೇಡವೆಂದು ಕೂಡುತ್ತೀ ಎಂದು ನನಗೇನು ಕನಸು ಬಿದ್ದಿತ್ತೇ?

ಉಳಿದವರು ಟೆಂಪೋ ಮಾಡಿಕೊಂಡು ಕೋರ್ಟಿನ ತಾರೀಖಿಗೆ ಹೋಗಿ ಬಂದರು. ಕಡೆಗೆ ಸರಕಾರ ಅವರ ಕೇಸು ಹಿಂದಕ್ಕೆ ತೆಗೆದುಕೊಂಡಿತು. ನಿನ್ನನ್ನು ಕೇಳಿಕೊಂಡು ಪೇದೆ ಬಂದಾಗ ಓಣಿಯವರು ಊರಲ್ಲಿಲ್ಲ ಎಂದರು, ಅವನು ಬರೆದುಕೊಂಡು ಹೋದ. ಅಷ್ಟಕ್ಕೆ ಮುಗಿಯಿತು ಎಂದುಕೊಂಡಿದ್ದೆ.

ಕಡಲೆ ರಾಶಿ ಆಯಿತು. ಕಾಳು ದಪ್ಪ ಬಂದಿದೆ.

ಹೊಳೆಪ್ಪ


ಧಾರವಾಡ
9 ಮಾರ್ಚ್ 2025

ಅಪ್ಪಾ,

ನಿಮ್ಮ ಕಾಗದ ಓದಿದೆ.

ಎಷ್ಟು ಚೆನ್ನಾಗಿ ಲೆಕ್ಕ ಹಾಕಿದಿರಿ. ನಿಮ್ಮ ಹೆಸರು ಮಿಲ್ಲಿಗೆ ಬೇಕು, ಅವ್ವನ ಹೆಸರು ರೊಟ್ಟಿಗೆ ಬೇಕು, ಮನೆಯಲ್ಲಿ ಯಾರಿಗೂ ಬೇಡದ್ದು ಎಂದರೆ ನನ್ನ ಹೆಸರು. ಹೇಗೂ ಬೇರೆ ಮನೆಗೆ ಹೋಗುವ ಸಾಮಾನು ತಾನೇ. ನನ್ನನ್ನು ಒಂದು ಮಾತು ಕೇಳಬಹುದಿತ್ತು, ಹಾಸ್ಟೆಲಿಗೆ ಒಂದು ಕಾಗದ ಬರೆಯಬಹುದಿತ್ತು. ಆ ವರ್ಷ ನೀವು ಮಾವಿನ ಉಪ್ಪಿನಕಾಯಿ ಕಳಿಸಿದ್ದಿರಿ, ಅದು ಹೇಗಿತ್ತೆಂದು ಕೇಳಿ ಬರೆದಿದ್ದಿರಿ. ಇದನ್ನು ಮಾತ್ರ ಬರೆಯಲಿಲ್ಲ.

ನಮ್ಮೂರ ದಾವೂದಸಾಬ ಕಾಕಾ ತಮ್ಮ ಹೆಸರನ್ನೇ ಕೊಟ್ಟರೆಂದು ಅವ್ವ ಫೋನಿನಲ್ಲಿ ಹೇಳಿದಳು. ಅವರ ಮನೆಯಲ್ಲಿ ಮಗಳು ಇರಲಿಲ್ಲವೇ? ರೂಬಿನಾ ನನ್ನದೇ ವಯಸ್ಸಿನವಳು. ಅಪ್ಪನ ಜೊತೆ ಕೋರ್ಟಿಗೆ ಓಡಾಡಿಯೇ ಆಕೆಗೆ ವಕೀಲಿಯ ಹುಚ್ಚು ಹಿಡಿಯಿತು, ಈಗ ವಕೀಲೆಯಾಗಿದ್ದಾಳೆ. ನನಗೆ ನಿಮ್ಮಿಂದ ವಾರಂಟು ಬಂತು.

ದೊಡ್ಡ ಡಾಕ್ಟರ್ ಮೇಡಂ ನನ್ನನ್ನು ಕರೆಸಿ ಕೂಡಿಸಿಕೊಂಡು ಮಾತಾಡಿದರು. ನಿನ್ನನ್ನು ನಾವು ಇಷ್ಟು ವರ್ಷದಿಂದ ಬಲ್ಲೆವು, ಒಂದು ಮುಚ್ಚಳಿಕೆ ಬರೆದುಕೊಡು, ಕೇಸು ಮುಗಿಯುವವರೆಗೆ ಕಣ್ಣು ಮುಚ್ಚಿಕೊಂಡಿರುತ್ತೇವೆ ಎಂದರು. ನಾನು ಒಲ್ಲೆ ಎಂದೆ. ಕಿರಣಕುಮಾರನನ್ನೂ ಅಲ್ಲಿ ಯಾರೋ ಬಲ್ಲವರಿದ್ದರು, ಅವರು ಕಣ್ಣು ಮುಚ್ಚಿಕೊಂಡದ್ದರಿಂದಲೇ ಅವನು ಒಳಗೆ ಬಂದ. ಇವತ್ತು ನನಗಾಗಿ ಬಾಗಿಲು ತೆರೆದರೆ ನಾಳೆ ಅಂಥವನಿಗೆ ಮುಚ್ಚಲು ಯಾವ ಬಾಯಿಂದ ಹೇಳಲಿ? ನಾನೇ ಕೇಳಿ ತಂದ ನಿಯಮ, ಅಪ್ಪಾ. ಅದು ನನ್ನ ಕುತ್ತಿಗೆಗೇ ಬಂದಿತೆಂದು ಬೇಡವೆನ್ನಲಾರೆ. ಹೊಟ್ಟೆ ಉರಿಯುತ್ತದೆ, ಆದರೂ ಬೇಡವೆನ್ನಲಾರೆ.

ಏಪ್ರಿಲ್ ಒಂದರಿಂದ ನಾನು ಒಳಗೆ ಹೋಗುವಂತಿಲ್ಲ. ಆಯಾ ನಸೀಮಾಬಿಗೆ ತಟ್ಟೆಯ ಮೊದಲ ತುತ್ತು ತಿನ್ನುವುದನ್ನು ಕಲಿಸುತ್ತಿದ್ದೇನೆ. ಫಕೀರವ್ವ ಆಕೆಯ ಬಾಯನ್ನೇ ನೋಡುತ್ತಾಳೆ, ತಾನು ಬಾಯಿ ತೆರೆಯುವುದಿಲ್ಲ.

ಅಮೃತಾ


ಹೊಸಕೇರಿ
28 ಮಾರ್ಚ್ 2025

ಚಿ. ಅಮೃತಾಗೆ,

ನಿನ್ನಂಥ ಹಟಮಾರಿಯನ್ನು ನಾನು ಕಂಡಿಲ್ಲ. ದೊಡ್ಡವರು ತಾವಾಗಿ ದಾರಿ ತೋರಿಸಿದಾಗ ಒಲ್ಲೆ ಎನ್ನುವುದು ಯಾವ ಜಾಣತನ? ಬರೆದುಕೊಡು, ಕೆಲಸ ಮಾಡು. ನಿಯಮ ಕಳ್ಳರಿಗೆ ಮಾಡಿದ್ದು, ನಿನಗಲ್ಲ.

ದಾವೂದಸಾಬನ ಮಗಳು ರೂಬಿನಾ ಮನೆಗೆ ಬಂದಿದ್ದಳು. ಒಂದೊಂದೇ ಮಾತನ್ನು ಹಾಳೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ತೋರಿಸಿದಳು. ಸರಕಾರ ಹಿಂದಕ್ಕೆ ತೆಗೆದುಕೊಂಡದ್ದು ಹಾಜರಾದವರ ಕೇಸು ಮಾತ್ರ, ಹಾಜರಾಗದವರದನ್ನು ಕೋರ್ಟು ಬೇರೆ ಮಾಡಿ ಇಟ್ಟಿದೆಯಂತೆ. ಈಗ ನೀನು ಹಾಜರಾಗಬೇಕು, ನಾನು ಸಾಕ್ಷಿ ಹೇಳಬೇಕು: ಮಗಳು ಊರಲ್ಲಿರಲಿಲ್ಲ, ಹೆಸರು ಸುಳ್ಳೇ ಕೊಟ್ಟೆ ಎಂದು.

ಇದು ಸಿದ್ಧಾರೂಢನಿಗೆ ಗೊತ್ತಾಗಿ ಓಡಿ ಬಂದ. ಅವನ ಕಷ್ಟವೇ ಬೇರೆ. ಅವನ ಮನೆಯಿಂದ ಕೊಟ್ಟದ್ದು ಅವನ ತಾಯಿ ಸಣ್ಣವ್ವನ ಹೆಸರು, ಆಕೆ ತೀರಿಕೊಂಡು ಆಗಲೇ ವರ್ಷವಾಗಿತ್ತು. ಈಗ ಆಕೆಯೂ ತಲೆಮರೆಸಿಕೊಂಡ ಆರೋಪಿಯೇ. ಹಾಳೆಯ ಮೇಲೆ ಬರೆದು ತೋರಿಸಿದ: “ನೀ ಬಾಯಿ ಬಿಟ್ರ ಎಲ್ಲಾರ ಮನಿ ಹೆಸರೂ ಬಿಚ್ತಾರ.” ಅವನು ಹೇಳುವುದೂ ಖರೇ. ಊರೆಲ್ಲ ಕೂಡಿ ಮಾಡಿದ್ದನ್ನು ನಾನೊಬ್ಬನೇ ಹೋಗಿ ಸುಳ್ಳು ಎನ್ನಲೇ? ನಾನು ಇದೇ ಓಣಿಯಲ್ಲಿ ಬಾಳಬೇಕು.

ಮೇಡಂ ಹೇಳಿದಂತೆ ಮಾಡು.

ಹೊಳೆಪ್ಪ


ಧಾರವಾಡ
27 ಏಪ್ರಿಲ್ 2025

ಅಪ್ಪಾ,

ನಾನು ಕೋರ್ಟಿಗೆ ಹಾಜರಾದೆ. ರೂಬಿನಾ ಜಾಮೀನು ಕೊಡಿಸಿದಳು, ಜಾಮೀನಿಗೆ ನಿಂತವರು ದಾವೂದಸಾಬ ಕಾಕಾ. ವಾರಂಟು ರದ್ದಾಯಿತು, ಕೇಸು ಉಳಿಯಿತು.

ನಿಮ್ಮನ್ನು ಬಿಟ್ಟು ಬೇರೆ ದಾರಿ ಹುಡುಕಿದೆ. ನಾನು ಓದಿದ ಕಾಲೇಜಿಗೆ ಹೋಗಿ, ಆ ದಿನ ನಾನು ಹುಬ್ಬಳ್ಳಿಯಲ್ಲಿದ್ದೆ ಎನ್ನುವುದಕ್ಕೆ ಹಾಜರಿ ತೋರಿಸಿ ಎಂದೆ. ಆ ದಿನದ ಹಾಜರಿಯೇ ಇಲ್ಲ. ಯಾಕೆಂದರೆ ಅವತ್ತು ಬಂದ್ ಇತ್ತು, ಕಾಲೇಜಿಗೆ ರಜೆ ಕೊಟ್ಟಿದ್ದರು. ನೀವು ಯಾವುದಕ್ಕಾಗಿ ರಸ್ತೆಯಲ್ಲಿ ಕುಳಿತಿರೋ ಅದೇ ಬಂದ್. ಗುಮಾಸ್ತರ ಮುಂದೆ ನಕ್ಕುಬಿಟ್ಟೆ, ನಮ್ಮ ವಾರ್ಡಿನವರು ಕಂಡಿದ್ದರೆ ನನಗೊಂದು ಮಂಚ ಕೊಡುತ್ತಿದ್ದರು. ಹಾಸ್ಟೆಲ್ ಯಾವತ್ತೋ ಮುಚ್ಚಿದೆ, ಜೊತೆಗಿದ್ದ ಹುಡುಗಿಯರು ಲಗ್ನವಾಗಿ ಹೆಸರು ಬದಲಾಗಿ ಎಲ್ಲೆಲ್ಲೋ ಇದ್ದಾರೆ. ಆ ವಿಷಯದಲ್ಲಿ ಮಾತ್ರ ನಿಮ್ಮ ಲೆಕ್ಕ ಸರಿಯಾಗಿದೆ.

ಈಗ ಬಸ್‌ಸ್ಟ್ಯಾಂಡ್ ಬಾಜುವಿನ ಒಂದು ಸಣ್ಣ ದವಾಖಾನೆಯಲ್ಲಿ ನೆಗಡಿ ಜ್ವರದವರಿಗೆ ಸೂಜಿ ಚುಚ್ಚುತ್ತಿದ್ದೇನೆ. ಆ ಕೆಲಸವನ್ನು ನಾನು ಹಳಿಯುವುದಿಲ್ಲ, ಆದರೆ ನಾನು ಕಲಿತದ್ದು ಇದಕ್ಕಲ್ಲ. ಫಕೀರವ್ವ ಬಹಳ ಸೊರಗಿದ್ದಾಳೆ ಎಂದು ನಸೀಮಾಬಿ ಗೇಟಿನ ಹೊರಗೆ ಬಂದು ಹೇಳಿದಳು. ಬರುವ ಜೂನ್ ಹದಿನೆಂಟಕ್ಕೆ ತಾರೀಖು ಇದೆ. ಬೇರೆ ಮನೆಗಳ ಮಾತು ನೀವು ಎತ್ತಬೇಕಾಗಿಲ್ಲ, ನಮ್ಮ ಮನೆಯದಷ್ಟೇ ಹೇಳಿದರೆ ಸಾಕು. ಬಂದು ಹೇಳಿ.

ಅಮೃತಾ


ಧಾರವಾಡ
8 ಜೂನ್ 2025

ಅಪ್ಪಾ,

ನಿಮ್ಮಿಂದ ಉತ್ತರವಿಲ್ಲ. ಕಾಗದ ಅಂಗಿಯ ಜೇಬಿನಲ್ಲೇ ಇದೆ, ಕಟ್ಟೆಗೆ ಹೋಗಿ ಕುಳಿತು ತೆಗೆದು ಓದುತ್ತಾರೆ, ಮತ್ತೆ ಮಡಚಿ ಇಡುತ್ತಾರೆ ಎಂದು ಅವ್ವ ಹೇಳಿದಳು. ಓದಿದ್ದು ಸಾಕು.

ಹದಿನೆಂಟರಂದು ನನಗೆ ದವಾಖಾನೆಯಲ್ಲಿ ರಜೆ ಕೊಡಲಿಲ್ಲ, ನನ್ನ ಪರವಾಗಿ ರೂಬಿನಾ ಒಬ್ಬಳೇ ನಿಲ್ಲುತ್ತಾಳೆ. ಸಾಕ್ಷಿ ಇಲ್ಲವೆಂದು ಹೇಳಲು ತಿಳಿಸಿದ್ದೇನೆ.

ಅಮೃತಾ


ಹೊಸಕೇರಿ
21 ಜೂನ್ 2025

ಚಿ. ಅಮೃತಾಗೆ,

ನಾನು ಹೋಗಿದ್ದೆ.

ಯಾರಿಗೂ ಹೇಳಿರಲಿಲ್ಲ, ರೂಬಿನಾಗೂ ಇಲ್ಲ. ಹೇಳಿದರೆ ಸಿದ್ಧಾರೂಢ ತಡೆಯುತ್ತಾನೆ, ನಿನ್ನ ಅವ್ವ ತಾನೂ ಬರುತ್ತೇನೆ ಎನ್ನುತ್ತಾಳೆ. ಸಂತೆಗೆ ಹೋಗುತ್ತೇನೆಂದು ಚೀಲ ಹಿಡಿದುಕೊಂಡು ಮೊದಲ ಬಸ್ಸಿಗೆ ಹೊರಟೆ. ಕೋರ್ಟಿನ ಮುಂದೆ ಬೇವಿನ ಗಿಡದ ಕೆಳಗೆ ಬೆಂಚು ಇದೆ, ಕರೆಯುವವರೆಗೆ ಅಲ್ಲೇ ಕುಳಿತುಕೊಳ್ಳಿ ಎಂದು ಒಬ್ಬರು ಕೈ ತೋರಿಸಿದರು. ಕುಳಿತೆ. ಹೆಸರು ಕೂಗುವ ಪಟ್ಟೇವಾಲಾ ಬಾಗಿಲಿಗೆ ಬಂದು ಬಾಯಿ ತೆರೆಯುತ್ತಾನೆ, ಯಾರೋ ಎದ್ದು ಓಡುತ್ತಾರೆ. ಮತ್ತೆ ಬರುತ್ತಾನೆ, ಮತ್ತೊಬ್ಬರು ಓಡುತ್ತಾರೆ. ಅವನ ತುಟಿಯನ್ನೇ ನೋಡುತ್ತ ಕುಳಿತೆ. ನಿನ್ನ ಹೆಸರು ಬಂದರೆ ತುಟಿ ಹೇಗಾಗುತ್ತದೆ ಎಂದು ಮನಸ್ಸಿನಲ್ಲೇ ಹೇಳಿ ನೋಡಿಕೊಂಡೆ.

ಮಧ್ಯಾಹ್ನ ಅಂಗಳ ಖಾಲಿಯಾಯಿತು. ಒಳಗೆ ಹೋಗಿ ಕೇಳಿದೆ. ನಿಮ್ಮ ಮಗಳ ಕೇಸು ಕೂಗಿ ಎಷ್ಟೋ ಹೊತ್ತಾಯಿತು, ಮುಂದಿನ ತಾರೀಖು ಬಿದ್ದಿದೆ ಎಂದು ಚೀಟಿಯ ಮೇಲೆ ಬರೆದುಕೊಟ್ಟರು. ಮೂರು ಸಲ ಕೂಗಿದರಂತೆ. ನನ್ನ ಎದುರಿಗೇ ನಿಂತು ಕೂಗಿದರಂತೆ. ರೂಬಿನಾ ಒಳಗೇ ಇದ್ದಳಂತೆ, ನಾನು ಬಂದದ್ದು ಅವಳಿಗೂ ತಿಳಿಯಲಿಲ್ಲ.

ಮಿಲ್ಲಿಗಾಗಿ ನಿನ್ನ ಹೆಸರು ಕೊಟ್ಟೆ. ಆ ಮಿಲ್ಲು ಕಿವಿ ತೆಗೆದುಕೊಂಡಿತು. ಈಗ ನಿನ್ನ ಹೆಸರು ಕೂಗಿದರೆ ನನಗೆ ಕೇಳುವುದಿಲ್ಲ. ಬಸ್ಸಿನಲ್ಲಿ ಬರುವಾಗ ಇದೇ ತಲೆಯಲ್ಲಿ ಸುತ್ತುತ್ತಿತ್ತು.

ಮುಂದಿನ ಸಲ ನೀನು ಬಾ. ಬಾಜೂಕೆ ಕೂಡು, ಕರೆದಾಗ ಮೈ ಮುಟ್ಟಿ ಎಬ್ಬಿಸು.

ಹೊಳೆಪ್ಪ


ಧಾರವಾಡ
16 ನವೆಂಬರ್ 2025

ಅಪ್ಪಾ,

ಸಿಹಿ ಹಂಚಿ ಮುಗಿಯಿತೇ? ಕೋರ್ಟು ನನ್ನನ್ನು ಬಿಡುಗಡೆ ಮಾಡಿದ್ದನ್ನು ಅವ್ವ ಓಣಿಗೆಲ್ಲ ಹೇಳಿಬಂದಳಂತೆ. ಸಿದ್ಧಾರೂಢ ಕಾಕಾ ನಿಮ್ಮ ಜೊತೆ ಮಾತು ಬಿಟ್ಟಿದ್ದಾರೆ ಎಂದೂ ಹೇಳಿದಳು. ಹೇಗೂ ನಿಮಗೆ ಕೇಳಿಸುವುದಿಲ್ಲ, ಬಿಟ್ಟರೆ ಬಿಡಲಿ. ಅವರ ತಾಯಿಯ ಮರಣದ ದಾಖಲೆ ತಂದುಕೊಟ್ಟರೆ ಆ ಹೆಸರನ್ನೂ ತೆಗೆಸುತ್ತೇನೆ ಎಂದು ರೂಬಿನಾ ಹೇಳಿದ್ದಾಳೆ. ಸಿಟ್ಟು ಇಳಿದ ಮೇಲೆ ಅವರು ಬರುತ್ತಾರೆ.

ತೀರ್ಪು ಬಂದರೂ ಪೊಲೀಸರ ದಾಖಲೆಯಲ್ಲಿ ನಾನು ಇನ್ನೂ ತಲೆಮರೆಸಿಕೊಂಡೇ ಇದ್ದೇನೆ. ಅದನ್ನು ತಿದ್ದುವವರು ರಜೆಯ ಮೇಲಿದ್ದಾರಂತೆ, ಬಂದ ಮೇಲೆ ತಿದ್ದುತ್ತಾರಂತೆ. ನನಗೆ ಬೈಯಲೂ ಬೇಸರ ಬಂದಿದೆ. ತೀರ್ಪಿನ ನಕಲು ತೋರಿಸಿ ನಾಳೆಯೇ ಕೆಲಸಕ್ಕೆ ಬಾ ಎಂದು ಮೇಡಂ ಹೇಳಿಕಳಿಸಿದರು. ಸರ್ಟಿಫಿಕೇಟು ಹಿಡಿದುಕೊಂಡೇ ಬರುತ್ತೇನೆ ಎಂದೆ. ಹಟಮಾರಿ ಎನ್ನಬೇಡಿ, ಈ ಹಟ ಯಾರ ಮನೆಯದು ಎಂದು ನಿಮಗೆ ಗೊತ್ತು. ನಾನು ಬರುವವರೆಗೆ ಜಾಗ ಹಾಗೇ ಇಟ್ಟಿರುತ್ತಾರಂತೆ. ಫಕೀರವ್ವ ಈಗ ನಸೀಮಾಬಿಯ ಕೈಯಿಂದ ಉಣ್ಣುತ್ತಾಳೆ, ಆದರೆ ದಿನಾ ಒಂದು ಚೂರು ರೊಟ್ಟಿ ಸೆರಗಿನಲ್ಲಿ ಕಟ್ಟಿಟ್ಟು, ಆ ಸಿಸ್ಟರ್ ಬಂದ ಮೇಲೆ ಮೊದಲು ಆಕೆ ತಿನ್ನಲಿ ಎನ್ನುತ್ತಾಳಂತೆ.

ನೀವು ಸಾಕ್ಷಿ ಹೇಳಿದ ದಿನ, ವಾಪಸು ಬರುವಾಗ ಬಸ್ಸಿನಲ್ಲಿ ಕೇಳಿದಿರಿ: “ನಾ ಹೇಳಿದ ಮ್ಯಾಲೆ ಎಲ್ಲಾರೂ ಯಾಕ ಸುಮ್ಮನಾದ್ರು? ಸಾಹೇಬ್ರು ಏನಂದ್ರು?” ನಾನು ಆಮೇಲೆ ಹೇಳುತ್ತೇನೆ ಎಂದು ಕೈ ಮಾಡಿದೆ. ಆಗ ನನಗೆ ಬರೆಯುವ ತ್ರಾಣವಿರಲಿಲ್ಲ. ಈಗ ಬರೆಯುತ್ತೇನೆ.

ರೂಬಿನಾ ಪ್ರಶ್ನೆಗಳನ್ನು ಹಾಳೆಯ ಮೇಲೆ ಬರೆದು ಕೊಡುತ್ತಿದ್ದಳು, ನೀವು ಚಾಳೀಸು ಏರಿಸಿಕೊಂಡು ಓದಿ ಉತ್ತರ ಹೇಳುತ್ತಿದ್ದಿರಿ. ನಿಮ್ಮ ದನಿ ಎಷ್ಟು ದೊಡ್ಡದಾಗಿ ಹೊರಡುತ್ತದೆಂದು ನಿಮಗೆ ಗೊತ್ತಿಲ್ಲ. ಅಂಗಳದಲ್ಲಿ ಕುಳಿತವರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು. ಮಗಳು ಅವತ್ತು ಊರಲ್ಲಿರಲಿಲ್ಲ, ಆಕೆಯನ್ನು ಕೇಳದೆ ಆಕೆಯ ಹೆಸರು ನಾನೇ ಕೊಟ್ಟೆ ಎಂದಿರಿ. ಆಗ ಸರಕಾರಿ ವಕೀಲರು, ಸುಳ್ಳು ಹೆಸರು ಕೊಟ್ಟಿದ್ದಕ್ಕೆ ನಿಮ್ಮ ಮೇಲೆಯೇ ಕೇಸು ಹಾಕಬಹುದು, ಗೊತ್ತೇ ಎಂದು ಕೇಳಿದರು. ರೂಬಿನಾ ಅದನ್ನು ಬರೆಯಲು ಹಿಂದೆಮುಂದೆ ನೋಡಿದಳು. ನೀವೇ ಹಾಳೆಯನ್ನು ಎಳೆದುಕೊಂಡಿರಿ. ಓದಿ, ಚಾಳೀಸು ತೆಗೆದು ಹೇಳಿದಿರಿ:

“ಹಾಕ್ರಿ. ನಮ್ಮ ಮನಿಯಿಂದ ಒಂದು ಹೆಸರು ಬೇಕಲ್ರಿ? ಈ ಸಲ ನಂದು ಬರ್ಕೋರಿ. ಹೊಳೆಪ್ಪ.”

ಎಲ್ಲರೂ ಸುಮ್ಮನಾದದ್ದು ಆಗ.  ನ್ಯಾಯಾಧೀಶರು ಟೈಪು ಮಾಡುವವರ ಕಡೆ ತಿರುಗಿ, ಆ ಕೊನೆಯ ಮಾತು ಬೇಡ, ಬಿಡಿ ಎಂದರು. ಅದಕ್ಕೇ ಕೋರ್ಟಿನ ಕಾಗದದಲ್ಲಿ ನೀವು ಹೇಳಿದ್ದು ಇಲ್ಲ. ನಾನು ಇಲ್ಲಿ ಬರೆದಿಟ್ಟಿದ್ದೇನೆ.

ನಿಮ್ಮ ಮಗಳು
ಅಮೃತಾ ಹೊಳೆಪ್ಪ ಹೆಬಸೂರ